ಪರದೆ ಕಟ್ಟಿದ ದೋಣಿ

ಬಾರ್ಕರ್ ದೊರೆ ಪಾಲಿಬೆಟ್ಟದ ಕಾಫಿ ತೋಟ ಮಾರಿ ಕಡಲಾಚೆಯ ಸೀಮೆಗೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಪಿಯಾನೋವನ್ನು ಅಮ್ಮತ್ತಿ ಕಡೆಯವರು ಯಾರೋ ಹೊತ್ತುಕೊಂಡು ಹೋದರು. ಮಂಚ, ಕುರ್ಚಿಗಳು ವಿರಾಜಪೇಟೆ ಸೇರಿದವು. ಕೆರೆಯಲ್ಲಿದ್ದ ಸಣ್ಣ ಹಾಯಿದೋಣಿಯನ್ನು ಮಾತ್ರ ದೊರೆ ಹರಾಜಿಗೆ ಇಡಲಿಲ್ಲ. ಅದನ್ನು ಓವರ್‌ಸಿಯರ್ ತಿರುಮಲೇಶ್ವರನಿಗೆ ಕೊಟ್ಟು, "ಮಳೆಗಾಲಕ್ಕೆ ಮುಂಚೆ ಬಣ್ಣ ಬಳಿ, ಬಿಸಿಲಿಗೆ ಬಿಟ್ಟು ಒಣಗಿಸಬೇಡ" ಎಂದಷ್ಟೇ ಹೇಳಿ ಕಾರು ಹತ್ತಿದರು.

ತಿರುಮಲೇಶ್ವರ ಮಡಿಕೇರಿಯವನು. ತಂದೆ ದೇವಸ್ಥಾನದ ಅರ್ಚಕರಾಗಿದ್ದರು. ಮಗ ಓದಿ ಪಿ.ಡಬ್ಲ್ಯು.ಡಿ. ಸೇರಿದ. ಪಾಲಿಬೆಟ್ಟದ ಕೆರೆಯ ಏರಿ ಒಂದು ಮಳೆಗಾಲದಲ್ಲಿ ಒಡೆದು ಕೆಳಗಿನ ಗದ್ದೆಗಳೆಲ್ಲ ಕೊಚ್ಚಿಹೋದಾಗ ಅದನ್ನು ಮತ್ತೆ ಕಟ್ಟಿಸುವ ಕೆಲಸದ ಮೇಲೆ ಬಂದ. ಆ ಕೆಲಸ ಮುಗಿದ ಮೇಲೂ ಸುತ್ತಲಿನ ರಸ್ತೆ, ಮೋರಿ ನೋಡಿಕೊಂಡು ಅಲ್ಲೇ ಉಳಿದ. ಏರಿಯ ತುದಿಯಲ್ಲಿ ಅವನಿಗೆ ಸರಕಾರದ ಮನೆ. ದೊರೆ ಭಾನುವಾರ ದೋಣಿ ಬಿಡಲು ಬಂದಾಗ ಇವನೂ ಹೋಗಿ ನಿಲ್ಲುತ್ತಿದ್ದ. ಮೊದಲು ಹಗ್ಗ ಹಿಡಿದುಕೊಟ್ಟ, ಆಮೇಲೆ ಜತೆಯಲ್ಲಿ ಕುಳಿತ. ಕಡೆಕಡೆಗೆ ದೊರೆ ದಡದಲ್ಲಿ ಪೈಪು ಸೇದುತ್ತ ಕುಳಿತರೆ ಇವನೊಬ್ಬನೇ ಕೆರೆಯನ್ನು ಸುತ್ತಿ ಬರುವಷ್ಟು ಕಲಿತ. ಅಪ್ಪ ಬದುಕಿದ್ದರೆ ಇದಕ್ಕೆ ಏನೆನ್ನುತ್ತಿದ್ದರೋ ಎಂದು ಅವನಿಗೆ ಒಂದೊಂದು ಸಲ ಅನ್ನಿಸುತ್ತಿತ್ತು. ಆದರೆ ಹಾಯಿಗೆ ಗಾಳಿ ತುಂಬಿ ದೋಣಿ ಸರ್ರನೆ ಹೊರಟ ಕೂಡಲೇ ಆ ಯೋಚನೆಯೆಲ್ಲ ದಡದಲ್ಲೇ ಉಳಿದುಬಿಡುತ್ತಿತ್ತು.

ಹೆಂಡತಿ ನರ್ಮದಾಳಿಗೆ ನೀರೆಂದರೆ ಭಯ. ಅವಳು ದೋಣಿಯ ಹತ್ತಿರ ಸುಳಿದವಳಲ್ಲ. ದೋಣಿಯ ಮೇಲೆ ಕಣ್ಣಿಟ್ಟವಳು ಅವನ ತಂಗಿ ಕಾತ್ಯಾಯನಿ.

ಕಾತ್ಯಾಯನಿಯನ್ನು ಪುತ್ತೂರಿನ ಕಡೆಗೆ ಕೊಟ್ಟಿದ್ದರು. ಗಂಡ ಶಾಲೆಯ ಮೇಷ್ಟ್ರು. ವಿಷಮಶೀತ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಆಗ ಅವಳಿಗೆ ಇಪ್ಪತ್ತನಾಲ್ಕು. ಗಂಡನ ಮನೆಯವರು ಕೆಟ್ಟವರಲ್ಲ, ಆದರೆ ಆ ಮನೆಯಲ್ಲಿ ಅವಳಿಗೆ ಒಂದು ಮೂಲೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ತಿರುಮಲೇಶ್ವರ ತಾನೇ ಹೋಗಿ ಕರೆದುಕೊಂಡು ಬಂದ. ಒಂದು ಟ್ರಂಕು, ಗಂಡ ತೆಗೆದುಕೊಟ್ಟಿದ್ದ ಕೈಮೆಷಿನ್ನು, ಇಷ್ಟೇ ಅವಳ ಸಾಮಾನು. ಬಂದವಳು ಮಳೆಗಾಲವಿಡೀ ಜಗಲಿಯ ಒಳಬದಿಯಲ್ಲಿ ಕುಳಿತು ಹೊಲಿದಳು. ನರ್ಮದಾಳ ರವಿಕೆಗಳನ್ನೆಲ್ಲ ಹೊಲಿದಾದ ಮೇಲೆ ಮನೆಯ ಎಲ್ಲ ಕಿಟಕಿಗಳಿಗೂ ಪರದೆ ಬಂತು, ದಿಂಬುಗಳಿಗೆಲ್ಲ ಹೊಸ ಚೀಲ ಬಂತು. ಮಾತು ಮಾತ್ರ ಬರಲಿಲ್ಲ.

ಮಳೆ ನಿಂತು ಚಳಿಗಾಲದ ಬಿಸಿಲು ಬಿದ್ದ ಮೇಲೆ ಒಂದು ದಿನ ಅಣ್ಣ ದೋಣಿ ಕಟ್ಟಿ ಮನೆಗೆ ಬಂದಾಗ ಅವಳು ಮೆಷಿನ್ನಿನಿಂದ ತಲೆಯೆತ್ತಿ ಕೇಳಿದಳು:

"ಅಣ್ಣಾ, ಗಾಳಿ ಆ ಗುಡ್ಡದ ಕಡೆಯಿಂದ ಬರ್ತದೆ. ದೋಣಿಯೂ ಆ ಗುಡ್ಡದ ಕಡೆಗೇ ಹೋಗ್ತದೆ. ಅದು ಹೇಗೆ?"

ತಿರುಮಲೇಶ್ವರ ಕಾಲು ತೊಳೆಯುವುದನ್ನು ಬಿಟ್ಟು ಅವಳ ಮುಂದೆ ಕುಳಿತ. "ಒದ್ದೆ ಹಲಸಿನ ಬೀಜವನ್ನ ಎರಡು ಬೆರಳ ನಡುವೆ ಒತ್ತಿದರೆ ಏನಾಗ್ತದೆ?"

"ಚಿಮ್ಮಿ ಮುಂದಕ್ಕೆ ಹೋಗ್ತದೆ."

"ಹಾಂ. ಒಂದು ಕಡೆಯಿಂದ ಗಾಳಿ ಒತ್ತುತ್ತದೆ, ಇನ್ನೊಂದು ಕಡೆಯಿಂದ ನೀರು ಒತ್ತುತ್ತದೆ. ದೋಣಿ ನಡುವಿಂದ ಚಿಮ್ಮುತ್ತದೆ. ನೇರ ಹೋಗ್ಲಿಕ್ಕೆ ಆಗೋದಿಲ್ಲ. ಒಂದು ಸಲ ಈ ಓರೆ, ಒಂದು ಸಲ ಆ ಓರೆ. ಹಾಗೆ ಹಾವಿನ ಹಾಗೆ ಹೋಗ್ಬೇಕು."

ಅವಳು ಬಟ್ಟೆಯ ಮೇಲೆ ಬೆರಳಿನಿಂದ ಆ ಓರೆಗಳನ್ನು ಎಳೆದು ನೋಡಿದಳು. "ಅದಕ್ಕೇ ನೀವು ತಿರುಗಿಸುವಾಗ ಹಾಯಿಯ ಮರ ತಾಗದ ಹಾಗೆ ತಲೆ ಬಗ್ಗಿಸೋದು" ಎಂದಳು. ಅಷ್ಟು ದಿನ ಅವಳು ಅದನ್ನೆಲ್ಲ ಗಮನಿಸುತ್ತಿದ್ದಳೆಂದು ಅವನಿಗೆ ಆಗ ಗೊತ್ತಾಯಿತು.

"ಕರ್ಕೊಂಡು ಹೋಗಿ ಅವಳನ್ನ. ಮನೆಯೊಳಗೆ ಕೂತೂ ಕೂತೂ ಬೂಷ್ಟು ಹಿಡಿದಾಳು" ಎಂದು ನರ್ಮದಾ ಒಳಗಿನಿಂದ ಹೇಳಿದಳು.

ಮರುದಿನ ಬೆಳಿಗ್ಗೆಯೇ ಕರೆದುಕೊಂಡು ಹೋದ. ಕಾತ್ಯಾಯನಿ ಎರಡೂ ಕೈಯಲ್ಲಿ ಅಂಚು ಹಿಡಿದು, ಕಣ್ಣು ಅಗಲಿಸಿ ಕುಳಿತಿದ್ದಳು. ಇಳಿಯುವಾಗ, "ಇನ್ನೊಂದು ಸುತ್ತು ಹೋಗುವಾ?" ಎಂದಳು. ಹೋದರು. ಆದರೆ ಅವಳಿಗೆ ಚಿಕ್ಕಂದಿನಿಂದ ಅರೆತಲೆನೋವು. ನೀರಿನ ಮೇಲಿನ ಬಿಸಿಲಿನ ಪ್ರಖರತೆಗೆ ಮಧ್ಯಾಹ್ನದ ಹೊತ್ತಿಗೆ ಅದು ಕೆರಳಿ, ಕೋಣೆಯ ಬಾಗಿಲು ಮುಚ್ಚಿ ಹಣೆಗೆ ಶುಂಠಿ ಅರೆದು ಹಚ್ಚಿಕೊಂಡು ಮಲಗಿದಳು. ಎರಡು ದಿನ ಏಳಲಿಲ್ಲ. ಎದ್ದವಳು ಮೊದಲು ಆಡಿದ ಮಾತು, "ದೋಣಿಗೆ ಏನಾದರೂ ನೆರಳು ಮಾಡ್ಲಿಕ್ಕೆ ಆಗೋದಿಲ್ವಾ ಅಣ್ಣ?"

ಆ ಮಾತಿನಿಂದ ಮನೆಯಲ್ಲಿ ಹೊಸ ಉತ್ಸಾಹ ಹುಟ್ಟಿತು.

ಮೊದಲು ಕೊಡೆ ಹಿಡಿದು ನೋಡಿದರು. ಕೆರೆಯ ನಡುವೆ ಗಾಳಿ ಅದನ್ನು ಮಗುಚಿ, ಕಡ್ಡಿಗಳನ್ನೆಲ್ಲ ಮುರಿದು, ಕಮಲದ ಎಲೆಗಳ ಮೇಲೆ ಎಸೆಯಿತು. ತೂಬು ಕಾಯುವ ಅಪ್ಪಯ್ಯ ದಡದಲ್ಲಿ ನಿಂತು ನೋಡಿ, "ಕಮಾನು ಗಾಡಿಗೆ ಕಟ್ಟುವ ಚಾಪೆಯೇ ಆದೀತು ಓವರ್‌ಸಿಯರ್ರೇ" ಎಂದ. ಬಿದಿರು ಬಗ್ಗಿಸಿ ಚಾಪೆ ಹೊದಿಸಿದ ಹಳೆಯ ಕಮಾನೊಂದನ್ನು ತಂದು ಕೂರಿಸಿಯೂ ನೋಡಿದರು. ಹಾಯಿಯ ಬುಡಕ್ಕೆ ಕಟ್ಟಿದ ಉದ್ದನೆಯ ಅಡ್ಡಮರ, ದೊರೆ ಅದನ್ನು ಬೂಮ್ ಎನ್ನುತ್ತಿದ್ದರು, ದೋಣಿ ತಿರುಗಿದಾಗಲೆಲ್ಲ ಈ ಬದಿಯಿಂದ ಆ ಬದಿಗೆ ಹೊರಳುತ್ತದೆ. ಮೊದಲ ತಿರುವಿಗೇ ಅದು ಕಮಾನಿಗೆ ಬಡಿದು ಚಾಪೆಯನ್ನು ಚಿಂದಿ ಮಾಡಿತು. ಸಿದ್ದಾಪುರದಲ್ಲಿ ಮಿಲಿಟರಿಯವರು ಮಾರಿದ ಜೀಪಿನ ಮೇಲ್ಹೊದಿಕೆಯೊಂದಿದೆಯೆಂದು ಕೇಳಿ ತಿರುಮಲೇಶ್ವರ ಅದನ್ನೂ ಹೋಗಿ ನೋಡಿ ಬಂದ. ಕಬ್ಬಿಣದ ಸರಳುಗಳು ಆ ಪುಟ್ಟ ದೋಣಿಗೆ ಭಾರವೆಂದು ಬಿಟ್ಟ.

ಆ ಸಂಜೆ ಅವನು ಬಂದಾಗ ಕಾತ್ಯಾಯನಿ ಅಡಿಗೆಮನೆಯಲ್ಲಿ ಹಿಟ್ಟು ಕಲಸುವ ಮರದ ಮರಿಗೆಯನ್ನು ಜಗಲಿಗೆ ತಂದಿಟ್ಟುಕೊಂಡಿದ್ದಳು. ಮರಿಗೆಯ ಅಂಚಿಗೆ ಪೊರಕೆಯ ಹಿಡಿಕಡ್ಡಿಗಳನ್ನು ಬಗ್ಗಿಸಿ ಮೂರು ಕಮಾನು ಮಾಡಿ, ಮೂರರ ಬುಡವನ್ನೂ ಒಂದೇ ಕಡೆ ದಾರದಿಂದ ಬಿಗಿದು, ಮೇಲೆ ಕರವಸ್ತ್ರ ಹೊದಿಸಿದ್ದಳು. ನಡುವೆ ನಿಲ್ಲಿಸಿದ ಸೌಟು ಹಾಯಿಗಂಬ. ಅದಕ್ಕೆ ಅಡ್ಡ ಕಟ್ಟಿದ ಕಡ್ಡಿಯನ್ನು ಬೆರಳಿನಿಂದ ತಳ್ಳಿ ತೋರಿಸಿದಳು.

"ನೋಡಿ, ಬೂಮು ಇದರ ಮೇಲಿಂದ ಹೋಗ್ತದೆ, ತಾಗೋದಿಲ್ಲ. ನಾನು ಹಲಗೆ ಮೇಲೆ ಕೂರೋದು ಬೇಡ, ಕೆಳಗೆ ಚಾಪೆ ಹಾಸಿ ಕೂತರೆ ಇಷ್ಟು ತಗ್ಗು ಸಾಕು. ಗಾಳಿ ಜೋರಾದರೆ ಹೀಗೆ." ಕಮಾನುಗಳನ್ನು ಹಿಂದಕ್ಕೆ ತಳ್ಳಿದಳು. ಕರವಸ್ತ್ರ ಮಡಿಕೆಮಡಿಕೆಯಾಗಿ ಅಂಚಿಗೆ ಕುಳಿತಿತು. "ಬದಿಗಳು ಮಾತ್ರ ತೆರೆದೇ ಇರ್ಬೇಕು. ಇಲ್ಲದಿದ್ದರೆ ಇದೇ ಒಂದು ಹಾಯಿ ಆಗ್ತದೆ."

"ಮೆಚ್ಚಿದೆ ಮಾರಾಯ್ತಿ! ದೊರೆ ಇದ್ದಿದ್ದರೆ ಕುಣೀತಿದ್ರು" ಎಂದ ತಿರುಮಲೇಶ್ವರ.

ಅಪ್ಪಯ್ಯ ಮಾಕುಟ್ಟದ ಕಡೆಗೆ ಹೋದವನು ಕಾಡಿನಿಂದ ಒಳ್ಳೆಯ ಬೆತ್ತ ತಂದ. ಬೆಂಕಿಗೆ ಹಿಡಿದು, ಬಗ್ಗಿಸಿ, ಹಗ್ಗ ಬಿಗಿದು ಒಣಹಾಕಿದರು. ಬಟ್ಟೆ ಆರಿಸಲು ಅಣ್ಣ, ತಂಗಿ, ಅತ್ತಿಗೆ ಮೂವರೂ ಬಸ್ಸಿನಲ್ಲಿ ವಿರಾಜಪೇಟೆಗೆ ಹೋದರು. ಮಲ್ಲು ಬಟ್ಟೆ ಹಗುರ, ಆದರೆ ಬಿಸಿಲು ಒಳಗಿಳಿಯುತ್ತದೆ. ಕ್ಯಾನ್ವಾಸು ಗಟ್ಟಿ, ಆದರೆ ಮಡಚಲು ಒರಟು. ಅಂಗಡಿಯಲ್ಲಿ ಕಾತ್ಯಾಯನಿ ಬಟ್ಟೆಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ತಲೆಯ ಮೇಲೆ ಹೊದ್ದು, ಕಣ್ಣು ಮುಚ್ಚಿ ತೆರೆದು ನೋಡಿದಳು. ಅಂಗಡಿಯವನು ನಗುತ್ತಿದ್ದ. ಅವಳು ಲಕ್ಷ್ಯ ಕೊಡಲಿಲ್ಲ. ಕೊನೆಗೆ ದಪ್ಪ ಖಾದಿಯೊಂದನ್ನು ಆರಿಸಿದಳು. ಬಿಳಿ ಬಟ್ಟೆ ಕಣ್ಣು ಕುಕ್ಕುತ್ತದೆಂದು ಮನೆಯಲ್ಲಿ ಅಳಲೆಕಾಯಿ ಕುದಿಸಿದ ನೀರಿನಲ್ಲಿ ಅದ್ದಿ ಮಾಸಲು ಹಳದಿ ಮಾಡಿದಳು. ಆ ವಾರ ಮೆಷಿನ್ನಿನ ಸದ್ದು ನಿಲ್ಲಲಿಲ್ಲ. ಅಂಚಿಗೆ ದಾರದ ಪಟ್ಟಿ, ಬೆತ್ತ ತೂರಿಸಲು ಉದ್ದನೆಯ ತೋಳು, ಮೂಲೆಮೂಲೆಗೆ ದುಪ್ಪಟ್ಟು ತುಂಡು. ಹೊಲಿಯುತ್ತ ಅವಳು ತನಗೆ ತಾನೇ ಏನೋ ಗುನುಗುತ್ತಿರುವುದನ್ನು ನರ್ಮದಾ ಕೇಳಿ, ಗಂಡನನ್ನು ಸನ್ನೆ ಮಾಡಿ ಕರೆದು ತೋರಿಸಿದಳು.

ಮೇಲ್ಕಟ್ಟು ದೋಣಿಗೆ ಏರಿದ ದಿನ ಒಂದೇ ಒಂದು ತಪ್ಪು ಸಿಕ್ಕಿತು: ಹಿಂದಿನ ಕಮಾನು ಒಂದು ಗೇಣು ಎತ್ತರ. ಅಲ್ಲೇ ಕತ್ತರಿಸಿ ಸರಿಮಾಡಿದರು. ಆಮೇಲೆ ಎಲ್ಲವೂ ಅವಳು ಮರಿಗೆಯಲ್ಲಿ ತೋರಿಸಿದಂತೆಯೇ ನಡೆಯಿತು. ಬೂಮು ಮೇಲಿಂದ ಹೊರಳಿತು, ಗಾಳಿ ಕೆಳಗಿನಿಂದ ಹಾದುಹೋಯಿತು, ಹಳದಿ ನೆರಳಿನಲ್ಲಿ ಕಾತ್ಯಾಯನಿ ಕಾಲು ಚಾಚಿ ಕುಳಿತು ಕೆರೆಯನ್ನೆಲ್ಲ ನೋಡಿದಳು. ತಲೆನೋವು ಬರಲಿಲ್ಲ. ಅಂದಿನಿಂದ ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೋಗುವ ಮೊದಲು ಇಬ್ಬರೂ ಒಂದು ಸುತ್ತು ಹೋಗಿಬರುವುದು ರೂಢಿಯಾಯಿತು. ಕೆಲವು ದಿನ ಚುಕ್ಕಾಣಿ ಅವಳ ಕೈಯಲ್ಲಿರುತ್ತಿತ್ತು. ಕಾಫಿ ಹೂ ಅರಳಿದ ವಾರ ಕೆರೆಯ ನಡುವಿಗೂ ಘಮ ಬಂತು. "ಅಣ್ಣ, ಇಲ್ಲಿ ಕೂತು ಉಸಿರು ಎಳ್ಕೊಂಡರೆ ಊಟವೇ ಬೇಡ" ಎಂದಳು. ಮುಂದೆ ತಿರುಮಲೇಶ್ವರ ಆ ವಾರವನ್ನು ನೆನೆಸಿಕೊಂಡಾಗಲೆಲ್ಲ, ಅಲ್ಲಿಗೇ ಎಲ್ಲ ನಿಂತಿದ್ದರೆ ಎಂದುಕೊಳ್ಳುತ್ತಿದ್ದ.

ನಿಲ್ಲಲಿಲ್ಲ. ಮಡಿಕೇರಿ ಕಚೇರಿಯ ಹೆಡ್ ಕ್ಲಾರ್ಕ್ ವೆಂಕಟಕೃಷ್ಣಯ್ಯ ಇನ್‌ಸ್ಪೆಕ್ಷನ್ನಿಗೆ ಬಂದರು. ಕೊಡಗು ಆಗ ತನ್ನಷ್ಟಕ್ಕೆ ತಾನೊಂದು ರಾಜ್ಯ. ಎಷ್ಟು ಪುಟ್ಟ ರಾಜ್ಯವೆಂದರೆ ಕಚೇರಿಯಲ್ಲಿ ಎಲ್ಲರಿಗೂ ಎಲ್ಲರ ಮನೆಯ ಸಾರಿನ ರುಚಿ ಗೊತ್ತು. ವೆಂಕಟಕೃಷ್ಣಯ್ಯ ಮೇಲಾಗಿ ನರ್ಮದಾಳ ತಂದೆಯ ದಾಯಾದಿ. ಅವರು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಬಂದು ಏರಿಯ ಮೇಲೆ ನಿಂತಾಗ ದೋಣಿ ಕೆರೆಯ ನಡುವೆ ಇತ್ತು. ಊಟಕ್ಕೆ ಕುಳಿತಾಗ ಎಲೆಯ ಮೇಲಿನ ಕೋಸಂಬರಿಯನ್ನು ಸರಿಸುತ್ತ ಹೇಳಿದರು:

"ದೋಣಿಯಲ್ಲಿ ನರ್ಮದಾ ಇರ್ಬೇಕು ಅಂತ ತಿಳಿದೆ ನಾನು. ಗಂಡ ಹೆಂಡತಿ ಹೋಗ್ತಾರೆ, ಹೋಗ್ಲಿ, ಹೊಸ ಕಾಲ."

"ನಂಗೆ ನೀರು ಕಂಡರೆ ಆಗೋದಿಲ್ಲ ಚಿಕ್ಕಪ್ಪ. ಕಾತ್ಯಾಯನಿ ಹೋಗ್ತಾಳೆ" ಎಂದಳು ನರ್ಮದಾ, ಬಡಿಸುತ್ತ.

"ಅದೇ, ಹತ್ತಿರ ಬಂದ ಮೇಲೆ ಕಂಡಿತು." ಅವರು ಅನ್ನ ಕಲಸಿದರು. "ನಾನೇನೂ ಅನ್ನೋದಿಲ್ಲಪ್ಪ. ಆದರೆ ಇದು ಎಸ್ಟೇಟು. ಹತ್ತು ಜಾತಿ ಜನ, ಹತ್ತು ಭಾಷೆ. ಅರ್ಚಕರ ಮಗಳು, ಗಂಡ ಹೋಗಿ ಇನ್ನೂ ವರ್ಷ ತುಂಬಿ ಸ್ವಲ್ಪ ದಿನ. ಹೀಗೆ ಕೆರೆ ನಡುವೆ ಎಲ್ಲರ ಕಣ್ಣಿಗೆ ಬೀಳ್ತಾ ಕೂತರೆ, ನಾಳೆ ಮಡಿಕೇರಿಯಲ್ಲಿ ಮಾತು ಬಂದರೆ, ನಾನು ಎಷ್ಟು ಬಾಯಿ ಮುಚ್ಚಿಸ್ಲಿ?"

ಅಡಿಗೆಮನೆಯ ಬಾಗಿಲ ಹಿಂದೆ ಕಾತ್ಯಾಯನಿ ಮಜ್ಜಿಗೆ ಕಡೆಯುತ್ತಿದ್ದ ಸದ್ದು ನಿಂತಿತ್ತು. ಅದು ತಿರುಮಲೇಶ್ವರನಿಗೂ ಕೇಳಿಸಿತು. "ನನ್ನ ತಂಗಿ, ನನ್ನ ಜತೆ ಹೋಗ್ತಾಳೆ, ಯಾರಿಗೇನು?" ಎಂಬ ಮಾತು ಅವನ ಬಾಯಿಯ ತನಕ ಬಂದಿತ್ತು. ಆದರೆ ಅವನು ಅಂದದ್ದು, "ತುಪ್ಪ ಬಡಿಸು ನರ್ಮದಾ" ಎಂದು.

ಎರಡು ದಿನ ಕಳೆದು, ಮೆಷಿನ್ನಿನ ಪಕ್ಕದಲ್ಲಿ ನಿಂತು, ಕಿಟಕಿಯ ಕಡೆ ನೋಡುತ್ತ ಹೇಳಿದ:

"ಬೆಳಗಿನ ಬಿಸಿಲು ಅಡ್ಡ ಬೀಳ್ತದಲ್ಲ ಕಾತ್ಯಾ. ಮೇಲ್ಕಟ್ಟಿಗೆ ಎರಡೂ ಬದಿಗೆ ಪರದೆ ಇದ್ದರೆ ಒಳ್ಳೇದು. ಸಿದ್ದಾಪುರದಲ್ಲಿ ಲಾರಿಯ ತಾಡಪಾಲು ಸಿಗ್ತದೆ. ತರ್ತೇನೆ."

"ಗಾಳಿ ಹಿಡೀತದಣ್ಣ. ಆವತ್ತೇ ಹೇಳಿದ್ದೆ."

"ಕೆಳಗೆ ಬಿಗಿಯಾಗಿ ಕಟ್ಟಿದರೆ ಹಿಡಿಯೋದಿಲ್ಲ."

ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಅವನ ಮುಖ ನೋಡಿದಳು. "ಬಿಸಿಲಿಗಾ ಅಣ್ಣ?"

"ಮತ್ಯಾತಕ್ಕೆ?"

ಅವಳು ಮೆಷಿನ್ನಿನ ಚಕ್ರ ತಿರುಗಿಸಿದಳು. ತಾಡಪಾಲು ಬಂತು. ದಪ್ಪ, ಕಡು ಹಸಿರು, ಎಣ್ಣೆಯ ನಾತ. ಮೆಷಿನ್ನಿನ ಸೂಜಿ ಅದರಲ್ಲಿ ಇಳಿಯದೆ ಮುರಿಯಿತು. ಗೋಣಿ ಹೊಲಿಯುವ ದಬ್ಬಣ ಹಿಡಿದು ಕೈಯಲ್ಲೇ ಹೊಲಿದಳು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ನರ್ಮದಾ ನೋಡಲಾರದೆ, "ಇದನ್ನ ಬಿಟ್ಟುಬಿಡು, ಯಾಕೆ ಬೇಕು?" ಎಂದರೆ, "ಅಣ್ಣ ಹೇಳಿದ್ದಾರೆ" ಎಂದಳು. ಗುನುಗು ಇರಲಿಲ್ಲ.

ಪರದೆ ಕಟ್ಟಿದ ಮೇಲೆ ದೋಣಿ ಬೇರೆಯೇ ಆಯಿತು. ದಡದಿಂದ ನೋಡಿದರೆ ಒಳಗೆ ಯಾರಿದ್ದಾರೆಂದು ತಿಳಿಯುತ್ತಿರಲಿಲ್ಲ. ತಿರುಮಲೇಶ್ವರನಿಗೆ ಬೇಕಾದ್ದೂ ಅದೇ. ಒಳಗೆ ಕುಳಿತವಳಿಗೆ ಎಡಕ್ಕೂ ಬಲಕ್ಕೂ ಹಸಿರು ಗೋಡೆ. ಮುಂದೆ ಹಾಯಿಗಂಬದ ಸಂದಿನಲ್ಲಿ ಒಂದು ತುಂಡು ನೀರು, ಹಿಂದೆ ಅಣ್ಣನ ಮೊಣಕಾಲು. ಮೊದಲ ದಿನ ಅರ್ಧ ಸುತ್ತಿಗೇ, "ಸೆಕೆ ಆಗ್ತದೆ, ಹೋಗುವಾ" ಎಂದಳು. ಎರಡನೆಯ ಸಲ ಕರೆದಾಗ ಕೆಲಸವಿದೆ ಎಂದಳು. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದು ಯಾರಿಗಾಗಿ ಎಂದು ಅವನಿಗೆ ಬೇಸರವಾಯಿತು. ತಾನು ಅವಳಿಗೆ ಒಳ್ಳೆಯದನ್ನೇ ಮಾಡಿದ್ದೇನೆ, ಅವಳೂ ಹೋಗಬಹುದು, ಜನರ ಬಾಯಿಗೂ ಬೀಳುವುದಿಲ್ಲ ಎಂದೇ ಅವನು ನಂಬಿಕೊಂಡಿದ್ದ. ವಿಷು ಹಬ್ಬದ ನಂತರದ ಭಾನುವಾರ ಸಂಜೆ, "ಇವತ್ತು ಬಾ. ಸಂಜೆ ಸೆಕೆ ಇರೋದಿಲ್ಲ" ಎಂದು ಒತ್ತಾಯ ಮಾಡಿ ಎಬ್ಬಿಸಿದ.

ಹೊರಟಾಗ ಗಾಳಿ ಮೆಲ್ಲನೆ ಇತ್ತು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು, ಆದರೆ ಆ ದಿನಗಳಲ್ಲಿ ಸಂಜೆ ಮೋಡ ಕಟ್ಟುವುದು ವಿಶೇಷವೇನಲ್ಲ. ತೂಬಿನ ಬಳಿಯಿಂದ ಅಪ್ಪಯ್ಯ, "ಓವರ್‌ಸಿಯರ್ರೇ, ಮಳೆ ಉಂಟು, ಬೇಗ ತಿರುಗಿ" ಎಂದು ಕೂಗಿದ. ತಿರುಮಲೇಶ್ವರ ಕೈ ಬೀಸಿದ. ಸಂತೆ ಮುಗಿಸಿ ತೋಟದ ಕೂಲಿ ಲೈನುಗಳಿಗೆ ಹಿಂದಿರುಗುವ ಜನ ಚೀಲ, ಬುಟ್ಟಿ ಹೊತ್ತು ಏರಿಯ ಮೇಲೆ ಸಾಲಾಗಿ ಹೋಗುತ್ತಿದ್ದರು. ಪರದೆ ಇದ್ದದ್ದು ಒಳ್ಳೆಯದಾಯಿತು ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ.

ಕೆರೆಯ ಆಚೆ ಬದಿಯ ಸಿಲ್ವರ್ ಓಕ್ ಮರಗಳೆಲ್ಲ ಒಮ್ಮೆಗೇ ಬಗ್ಗಿದ್ದು ಕಂಡಿತು. ನೀರಿನ ಮೇಲೆ ಕಪ್ಪು ಗೆರೆಯೊಂದು ಓಡಿಬಂತು. ಅವನು ಕಲಿತ ಪಾಠದಂತೆ ಹಾಯಿಯ ಹಗ್ಗವನ್ನು ಕೈಬಿಟ್ಟ. ಹಾಯಿ ಪಟಪಟನೆ ಬಡಿದುಕೊಂಡಿತು. ಅಷ್ಟಕ್ಕೆ ದೋಣಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಗಾಳಿ ಮೇಲ್ಕಟ್ಟಿನೊಳಗೆ ನುಗ್ಗಿ ತಾಡಪಾಲನ್ನು ಉಬ್ಬಿಸಿ ದೋಣಿಯನ್ನು ಒಂದು ಬದಿಗೆ ಒತ್ತಿ ಹಿಡಿಯಿತು. ಅಂಚು ನೀರಿಗೆ ತಾಗಿತು, ನೀರು ಒಳಗೆ ಸುರಿಯಿತು.

"ಕಾತ್ಯಾ! ಪರದೆ ಬಿಚ್ಚು!"

"ಗಂಟು ಹೊರಗುಂಟು ಅಣ್ಣ!"

ಗಂಟು ಹಾಕಿದವನು ಅವನೇ, ಹೊರಗಿನಿಂದ, ಗಾಳಿಗೆ ಹಾರಿ ತೆರೆದುಕೊಳ್ಳದಂತೆ ಬಿಗಿಯಾಗಿ. ಕಮಾನುಗಳನ್ನು ಮಡಚೋಣವೆಂದರೆ ಪರದೆ ಬಿಡದು. ಅವನು ಮೇಲೆದ್ದ ಬದಿಗೆ ಮೈಚೆಲ್ಲಿ ಭಾರ ಹಾಕಿದ. ಸಾಲಲಿಲ್ಲ. ಮಳೆ ಬಾಣದ ಹಾಗೆ ಬಂತು. ಒಳಗೆ ಅವಳು ಕಾಣುತ್ತಿರಲಿಲ್ಲ. ದೋಣಿ ಮಗುಚಿದರೆ ಆ ಹಸಿರು ಚೀಲದೊಳಗೆ ಅವಳು ಸಿಕ್ಕಿಬೀಳುತ್ತಾಳೆ ಎಂದು ಅವನಿಗೆ ಹೊಳೆಯಿತು.

ಆಗ ತಾಡಪಾಲಿನಲ್ಲಿ ಒಂದು ಸೀಳು ಕಾಣಿಸಿತು. ಹೊಲಿಗೆಯವಳ ಸೊಂಟದಲ್ಲಿ ಯಾವಾಗಲೂ ಸಣ್ಣ ಕತ್ತರಿ ಇರುತ್ತಿತ್ತು. ಸೀಳಿನಿಂದ ಕೈ ಹೊರಗೆ ಹಾಕಿ ಅವಳು ಕಟ್ಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ಕೊನೆಯದು ಕಡಿಯುತ್ತಲೇ ಪರದೆ ಕಿತ್ತು ಹಾರಿ ದೂರ ನೀರಿಗೆ ಬಿತ್ತು. ದೋಣಿ ಒಮ್ಮೆ ಹೊಯ್ದಾಡಿ ನೆಟ್ಟಗಾಯಿತು. ಇನ್ನೊಂದು ಬದಿಯದನ್ನೂ ಕತ್ತರಿಸಿ, ಕಮಾನುಗಳನ್ನು ಹಿಂದಕ್ಕೆ ತಳ್ಳಿ, ಹಾಯಿಗಂಬ ಹಿಡಿದು ಎದ್ದು ನಿಂತಳು. ಮೊಣಕಾಲ ತನಕ ನೀರು. ಸೆರಗು ತಲೆಯಿಂದ ಜಾರಿತ್ತು, ಕೂದಲು ಬಿಚ್ಚಿ ಬೆನ್ನಿಗೆ ಅಂಟಿತ್ತು. ಮುಖದ ಮೇಲೆ ಮಳೆ ಸುರಿಯುತ್ತಿತ್ತು. ಅವಳು ನಗುತ್ತಿದ್ದಳು. ಗಂಡ ಸತ್ತ ಮೇಲೆ ಮೊದಲ ಸಲ, ಗಟ್ಟಿಯಾಗಿ, ಹೊಟ್ಟೆಯಿಂದ, ನಿಲ್ಲಿಸಲಾರದೆ ನಗುತ್ತಿದ್ದಳು.

"ಅಣ್ಣಾ, ಉಳಿದೆವು! ನೋಡಿ, ಉಳಿದೆವು!"

ತಿರುಮಲೇಶ್ವರ ಏರಿಯ ಕಡೆ ನೋಡಿದ. ಜನವೆಲ್ಲ ಬುಟ್ಟಿಗಳನ್ನು ಇಳಿಸಿ ಮಳೆಯಲ್ಲೇ ನಿಂತು ನೋಡುತ್ತಿದ್ದರು. ಅವರ ನಡುವೆ ಕಪ್ಪು ಕೊಡೆಗಳೂ ಇದ್ದವು, ತೋಟದ ಲೆಕ್ಕ ಬರೆಯುವ ರೈಟರ್, ಕಚೇರಿಯ ಗುಮಾಸ್ತರು. ಪ್ರಾಣಭಯ ಇನ್ನೂ ಬಿಡದ ಅವನ ಬಾಯಿಂದ ಮಾತು ಹೊರಟೇಬಿಟ್ಟಿತು.

"ಬಾಯಿ ಮುಚ್ಚು! ಗಂಡ ಸತ್ತವಳು ನಾಲ್ಕು ಜನರ ಎದುರು ಹೀಗೆ ಹಲ್ಲು ಕಿರೀತಾಳಾ? ನಾಚಿಕೆ ಇಲ್ವಾ ನಿಂಗೆ?"

ಗಾಳಿ ಬಂದಷ್ಟೇ ಬೇಗ ಕೆರೆ ದಾಟಿ ಹೋಗಿತ್ತು, ಮಳೆ ಮಾತ್ರ ಸಣ್ಣಗೆ ಹನಿಯುತ್ತಿತ್ತು. ನೀರಿನ ಮೇಲೆ ಮಾತು ದೂರ ಹೋಗುತ್ತದೆ. ಏರಿಯ ಮೇಲಿನವರಿಗೂ ಕೇಳಿಸಿತು. ಕಾತ್ಯಾಯನಿ ನಗುವನ್ನು ಅರ್ಧದಲ್ಲೇ ನುಂಗಿದಳು. ಸೆರಗನ್ನು ಹಿಂಡಿ ತಲೆಯ ಮೇಲೆ ಹೊದ್ದು ಕೆಳಗೆ ಕುಳಿತಳು. ಅಪ್ಪಯ್ಯ ಎದೆಮಟ್ಟ ನೀರಿಗಿಳಿದು ದೋಣಿಯನ್ನು ದಡಕ್ಕೆ ಎಳೆದ. ಅವಳು ಇಳಿದು, ಯಾರ ಕಡೆಗೂ ನೋಡದೆ, ಜನರ ನಡುವಿನಿಂದಲೇ ಮನೆಗೆ ನಡೆದಳು. ಒಬ್ಬ ಹೆಂಗಸು ತನ್ನ ತಲೆಯ ಮೇಲಿದ್ದ, ಮಳೆಗೆ ಎಲೆಯಿಂದ ಹೆಣೆದ ಗೊರಬೆಯನ್ನು ತೆಗೆದು ಅವಳಿಗೆ ಹಿಡಿದುಕೊಂಡು ಮನೆಯ ತನಕ ಜತೆಗೆ ಹೋದಳು. ಯಾರೂ ನಗಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ. ಆ ದಿನ ಕೆರೆಯಲ್ಲಿ ಕೆಟ್ಟ ಮಾತಾಡಿದವನು ತಿರುಮಲೇಶ್ವರನೊಬ್ಬನೇ.

ಅವಳು ಕೋಪ ಮಾಡಿಕೊಂಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮರುದಿನ ಎಂದಿನಂತೆ ಕಾಫಿ ತಂದುಕೊಟ್ಟಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಜಗಲಿಯಲ್ಲಿದ್ದ ಮೆಷಿನ್ನು ಮಾತ್ರ ಹಿತ್ತಲ ಕೋಣೆಗೆ ಹೋಯಿತು. ಆ ಕೋಣೆಯಿಂದ ಕೆರೆ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ಅವನು ಮೇಲ್ಕಟ್ಟಿನ ಹಳದಿ ಬಟ್ಟೆಯನ್ನು ಒಗೆಸಿ ಒಣಗಿಸಿ ತಂದು ಅವಳ ಮುಂದಿಟ್ಟ.

"ಪರದೆ ಇನ್ನು ಬೇಡ. ಮೊದಲಿನ ಹಾಗೇ ಇರ್ಲಿ. ಹರಿದದ್ದು ಸ್ವಲ್ಪ, ಹೊಲಿದುಬಿಟ್ಟರೆ ನಾಳೆ ಹೋಗ್ಬಹುದು."

"ಹೊಲಿದುಕೊಡ್ತೇನೆ ಅಣ್ಣ. ನೀವು ಹೋಗಿ ಬನ್ನಿ. ನಂಗೆ ತಲೆನೋವು ಬರ್ತದೆ."

ಹೊಲಿದು ಮಡಚಿ ಕೊಟ್ಟಳು. ಆ ರಾತ್ರಿ ಊಟದ ಹೊತ್ತಿಗೆ ಅವನು ಹೆಂಡತಿಯ ಹತ್ತಿರ, "ನಾನಾಗಿ ಹೋಗಿ ಮಾತಾಡಿದರೂ ಅವಳು ಬಗ್ಗೋದಿಲ್ಲ" ಎಂದ.

"ನೀವು ಮಾತಾಡಿದ್ದು ಬಟ್ಟೆಯ ವಿಷಯ" ಎಂದಳು ನರ್ಮದಾ. "ಆ ದಿನದ ಮಾತು ತಪ್ಪಾಯ್ತು ಅಂತ ಎಲ್ಲಿ ಹೇಳಿದ್ರಿ?"

ಹೇಳಬೇಕೆಂದು ಅವನಿಗೂ ಗೊತ್ತಿತ್ತು. ಹಿತ್ತಲ ಕೋಣೆಯ ಬಾಗಿಲ ತನಕ ಹೋಗುವನು, ಮೆಷಿನ್ನಿನ ಸದ್ದು ಕೇಳುವನು, ನಾಳೆ ಹೇಳಿದರಾಯಿತು ಎಂದು ತಿರುಗುವನು. ಅಣ್ಣನಾದವನು ತಂಗಿಯ ಮುಂದೆ ತಲೆ ತಗ್ಗಿಸಿದ್ದನ್ನು ಅವನು ತನ್ನ ಮನೆಯಲ್ಲಿ ಕಂಡವನಲ್ಲ, ಕೇಳಿದವನಲ್ಲ. ಹೇಗೆ ಶುರು ಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಹಾಗೆ ನಾಳೆ ನಾಳೆ ಎನ್ನುತ್ತ ಬೇಸಿಗೆ ಮುಗಿಯಿತು.

ಮೈಸೂರಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಿ, ಕಲಿತವರನ್ನು ಶಾಲೆಗಳಿಗೆ ಟೀಚರಾಗಿ ಕಳಿಸುವ ಒಂದು ಸಂಸ್ಥೆಯಿದೆಯೆಂದು ನರ್ಮದಾ ತನ್ನ ಅಕ್ಕನಿಂದ ತಿಳಿದುಕೊಂಡಿದ್ದಳು. ಕಾತ್ಯಾಯನಿ ಹೋಗುತ್ತೇನೆಂದಳು. ತಿರುಮಲೇಶ್ವರ ಬೇಡವೆನ್ನಲಿಲ್ಲ. ಬೇಡವೆನ್ನಲು ಅವನಿಗೆ ಮುಖವಿರಲಿಲ್ಲ. ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಮೂವರೂ ಬಸ್ಸಿಗೆ ಕಾದು ನಿಂತರು. ಮಳೆ ಸುರಿಯುತ್ತಿತ್ತು. ಮೆಷಿನ್ನನ್ನು ಗೋಣಿಯಲ್ಲಿ ಸುತ್ತಿ ಅವನೇ ಹೊತ್ತು ತಂದಿದ್ದ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದ. ಬಸ್ಸು ಬಂತು, ಕಂಡಕ್ಟರ್ ಅವಸರ ಮಾಡಿದ. ಅವಳು ಕಿಟಕಿಯ ಬಳಿ ಕುಳಿತು ನೋಡಿದಾಗ ಅವನು ಹೇಳಿದ್ದು, "ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ತಿರುಗಬೇಡ."

"ಆಯ್ತಣ್ಣ" ಎಂದಳು.

ಆ ಮೇಲೆ ದೋಣಿ ಹೆಚ್ಚು ನೀರಿಗಿಳಿಯಲಿಲ್ಲ. ಒಂದೆರಡು ಸಲ ಒಬ್ಬನೇ ಹೋದ. ಮೇಲ್ಕಟ್ಟು ಮಡಚಿಕೊಂಡೇ ಇತ್ತು. ಮುಂದೆ ಚಾಪೆಯ ಮೇಲೆ ಯಾರೂ ಇಲ್ಲದ್ದರಿಂದ ದೋಣಿಯ ಮೂತಿ ಮೇಲೆದ್ದು, ನೆಟ್ಟಗೆ ನಡೆಯುತ್ತಿರಲಿಲ್ಲ. ಭಾರಕ್ಕೆ ಕಲ್ಲು ಇಟ್ಟು ನೋಡಿದ. ಮನಸ್ಸಾಗದೆ ದಡಕ್ಕೆ ಎಳೆದು ಬೋರಲು ಹಾಕಿದ. ಮೂರನೆಯ ವರ್ಷ ಕೊಡಗು ಮೈಸೂರಿಗೆ ಸೇರಿತು. ಮಡಿಕೇರಿಯ ಕಚೇರಿಯಲ್ಲಿದ್ದವರಿಗೆಲ್ಲ ಹೆಸರು ಕೇಳದ ಊರುಗಳಿಗೆ ವರ್ಗವಾಗತೊಡಗಿತು. ತಿರುಮಲೇಶ್ವರನಿಗೆ ಬಂದದ್ದು ಶಿರಾ. ದೋಣಿಯನ್ನು ಏನು ಮಾಡಲಿ ಎಂದು ಅಪ್ಪಯ್ಯ ಕೇಳಿದ. ಯಾರಿಗೆ ಬೇಕಾದರೂ ಕೊಡು ಎಂದ.

ಶಿರಾಕ್ಕೆ ಹೋಗುವ ದಾರಿಯಲ್ಲಿ ನರ್ಮದಾಳನ್ನು ಅವಳ ಅಕ್ಕನ ಮನೆಯಲ್ಲಿ ಬಿಟ್ಟು, ಮೈಸೂರಿನಲ್ಲಿ ಕಾತ್ಯಾಯನಿ ಕಲಿಸುತ್ತಿದ್ದ ಶಾಲೆಗೆ ಹೋದ. ಅವಳು ಹೊರಗೆ ಬಂದಳು. ಸ್ವಲ್ಪ ಮೈತುಂಬಿದ್ದಳು, ಕನ್ನಡಕ ಬಂದಿತ್ತು. ಆಳಿನ ಕೈಯಲ್ಲಿ ಕಾಫಿ ತರಿಸಿ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಜತೆಯಲ್ಲಿ ಕುಳಿತಳು. ಅತ್ತಿಗೆಯ ಆರೋಗ್ಯ ಕೇಳಿದಳು, ಹೊಸ ಊರಿನ ವಿಷಯ ಕೇಳಿದಳು. ಲೋಟ ಬರಿದಾದ ಮೇಲೆ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ಕಾತ್ಯಾ, ಆವತ್ತು ನಾನು ಆಡಿದ ಮಾತು... ಆಡಬಾರದಿತ್ತು. ನೀನು ಇಬ್ಬರ ಪ್ರಾಣ ಉಳಿಸಿದ್ದೆ. ನನ್ನ ತಪ್ಪು. ಆ ಪರದೆಯೂ ನನ್ನದೇ ತಪ್ಪು."

ಅವಳು ಅವನ ಕೈಯಿಂದ ಲೋಟ ತೆಗೆದು ಬೆಂಚಿನ ಮೇಲಿಟ್ಟಳು.

"ಪರದೆ ಯಾತಕ್ಕೆ ಅಂತ ನಂಗೆ ಅವತ್ತೇ ಗೊತ್ತಿತ್ತಣ್ಣ. ನೀವು ಬಾಯಿ ಬಿಟ್ಟು ಹೇಳಿದ್ದರೆ ಹೊಲೀತಿರ್ಲಿಲ್ಲ, ಜಗಳ ಆಡ್ತಿದ್ದೆ. ಬಿಸಿಲಿಗೆ ಅಂದ್ರಿ. ಅದಕ್ಕೆ ಏನು ಹೇಳ್ಲಿ?" ಎಂದಳು. ಆಮೇಲೆ, "ಇರ್ಲಿ ಬಿಡಿ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ."

ಸುಳ್ಳಲ್ಲ ಎಂದು ಅವಳ ಮುಖದಿಂದಲೇ ತಿಳಿಯುತ್ತಿತ್ತು. ಅವಳು ನಿಜವಾಗಿಯೂ ಇಟ್ಟುಕೊಂಡಿರಲಿಲ್ಲ. ಮೂರು ವರ್ಷ ಹೊತ್ತವನು ಅವನೊಬ್ಬನೇ. ಕ್ಷಮೆ ಸಿಕ್ಕಿದರೆ ಹಗುರವಾಗುತ್ತದೆಂದುಕೊಂಡಿದ್ದ. ಆಗಲಿಲ್ಲ. ಇದೇ ಮಾತನ್ನು ಹಿತ್ತಲ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ್ದರೆ ಆ ಬೇಸಿಗೆ ಉಳಿಯುತ್ತಿತ್ತು, ಅವಳೂ ಇನ್ನಷ್ಟು ದಿನ ಮನೆಯಲ್ಲಿ ಉಳಿಯುತ್ತಿದ್ದಳೋ ಏನೋ ಎನ್ನಿಸಿತು.

"ಶಿರಾಕ್ಕೆ ಬಾ, ರಜೆಯಲ್ಲಿ. ಅಲ್ಲಿಯೂ ದೊಡ್ಡ ಕೆರೆ ಉಂಟಂತೆ" ಎಂದ.

"ನೋಡುವಾ ಅಣ್ಣ" ಎಂದು ಅವಳು ಎದ್ದಳು. ಗಂಟೆ ಹೊಡೆದಿತ್ತು. ಹುಡುಗಿಯರು ಸಾಲಾಗಿ ಒಳಗೆ ಹೋಗುತ್ತಿದ್ದರು. ಕಾಲುಮುಟ್ಟಿ ನಮಸ್ಕಾರ ಮಾಡಿ, ಗೇಟಿನ ತನಕ ಬಂದು, "ಅತ್ತಿಗೆಗೆ ಕೇಳಿದೆ ಅಂತ ಹೇಳಿ" ಎಂದು ಹಿಂದಿರುಗಿದಳು. ಆ ರಜೆಗೆ ಅವಳು ಬರಲಿಲ್ಲ. ಮರುವರ್ಷ ನರ್ಮದಾಳ ಬಾಣಂತನಕ್ಕೆ ಬಂದಳು, ಎಲ್ಲ ಕೆಲಸವನ್ನೂ ಪ್ರೀತಿಯಿಂದ ಮಾಡಿದಳು, ಮಗುವಿಗೆ ಕುಲಾವಿ ಹೊಲಿದಳು. ನಂಟರ ಮನೆಗೆ ಬಂದವರಂತೆ ಹೊರಡುವ ದಿನವನ್ನು ಮೊದಲೇ ಹೇಳಿದ್ದಳು. ಆ ದಿನವೇ ಹೊರಟಳು.